ಕರಿಯನನ್ನು ಎಲ್ಲಿ ಬಿಟ್ಟು ಹೋಗೋಣ?

ಮಕ್ಕಳೇ, ಮೊಮ್ಮಕ್ಕಳನ್ನು ಪಕ್ಕದಲ್ಲಿ ಕೂಡಿಸಿಕೊಂಡು ಇದನ್ನು ಓದುವ ಅಜ್ಜ ಅಜ್ಜಿಯರೇ,

ಮದುವೆ ಪತ್ರಿಕೆ ಬಂತೆಂದರೆ ನಮ್ಮ ಮನೆಯಲ್ಲಿ ಮೊದಲು ಏಳುವ ಪ್ರಶ್ನೆ ಸೀರೆಯದ್ದಲ್ಲ, ಉಡುಗೊರೆಯದ್ದೂ ಅಲ್ಲ. "ತಾತ, ಕರಿಯನ್ನ ಎಲ್ಲಿ ಬಿಡೋದು?" ಎಂದು ಮೊಮ್ಮಗಳು ಕೇಳುತ್ತಾಳೆ. ಕರಿಯ ನಮ್ಮ ಬಳ್ಳಾರಿ ಮನೆಯ ನಾಯಿ. ಮಳೆಯಲ್ಲಿ ನೆನೆಯುತ್ತಾ ಬೀದಿಯಲ್ಲಿ ಸಿಕ್ಕ ಮರಿ. ಈಗ ಐದು ವರ್ಷದವನು. ಈ ಸಲದ ಮದುವೆ ಸಿರುಗುಪ್ಪದಲ್ಲಿ, ನಾಲ್ಕು ದಿನ. ಪಟಾಕಿ, ಬ್ಯಾಂಡು, ಗುರುತಿಲ್ಲದ ನೂರಾರು ಜನ. ಅವನನ್ನು ಅಲ್ಲಿಗೆ ಒಯ್ಯುವಂತಿಲ್ಲ.

ಕಳೆದ ವರ್ಷ ನಾನೊಂದು ತಪ್ಪು ಮಾಡಿದ್ದೆ. ಕುರುಗೋಡಿನ ದೊಡ್ಡಬಸವೇಶ್ವರನ ಜಾತ್ರೆಗೆಂದು ನೆಂಟರ ಮನೆಯಲ್ಲಿ ಮೂರು ದಿನ ಉಳಿಯುವುದಿತ್ತು. ಹಣ ಕೊಟ್ಟರೆ ನಾಯಿ ನೋಡಿಕೊಳ್ಳುತ್ತಾರೆಂದು ಕೇಳಿ, ಒಂದು ಕಡೆ ಕರಿಯನನ್ನು ಬಿಟ್ಟೆ. ಗೋಡೆಗೆ ಹೊಸ ಬಣ್ಣ, ಬಾಗಿಲಲ್ಲಿ ಚೆಂದದ ಫಲಕ. ಅಷ್ಟನ್ನೇ ನೋಡಿ ಬಂದಿದ್ದೆ. ಮರಳಿ ಹೋದಾಗ ಕರಿಯ ಬೊಗಳಲು ಬಾಯಿ ತೆರೆದ, ದನಿಯೇ ಬರಲಿಲ್ಲ. ಮೂರು ದಿನ ಬೊಗಳಿ ಬೊಗಳಿ ಗಂಟಲು ಕಟ್ಟಿಹೋಗಿತ್ತು. ಅಂಗಾಲಿನ ಚರ್ಮ ಸುಲಿದಿತ್ತು. "ಊಟ ಮಾಡಿದನಾ?" ಎಂದು ಕೇಳಿದೆ. "ಚೆನ್ನಾಗೇ ಇದ್ದ ಸರ್" ಅಂದರು. "ನೀರು ಕುಡಿದನಾ? ರಾತ್ರಿ ಮಲಗಿದನಾ?" ಅದಕ್ಕೂ "ಚೆನ್ನಾಗೇ ಇದ್ದ." ಆಗ ನನಗೆ ತಿಳಿಯಿತು, ಆ ಮೂರು ದಿನ ಅವನನ್ನು ಯಾರೂ ನೋಡಿಯೇ ಇರಲಿಲ್ಲ.

ಈ ಸಲ ಮೊಮ್ಮಗಳು ನೋಟ್‌ಬುಕ್ಕು ಹಿಡಿದು ನನ್ನ ಜೊತೆ ಹೊರಟಳು. ಮೊದಲೇ ಹೇಳದೆ, ಮಧ್ಯಾಹ್ನ ಎರಡು ಗಂಟೆಗೆ ಹೋದೆವು. ನಮ್ಮ ಬಿಸಿಲು ನಿಮಗೆ ಗೊತ್ತೇ ಇದೆ, ಬೇಸಿಗೆಯಲ್ಲಿ 40 ಡಿಗ್ರಿ ದಾಟುತ್ತದೆ. ನಾಯಿಯ ಮೈ ಸಹಜವಾಗಿಯೇ ನಮಗಿಂತ ಬೆಚ್ಚಗೆ, 38ರಿಂದ 39 ಡಿಗ್ರಿ ಸೆಲ್ಸಿಯಸ್. ನಮ್ಮ ಹಾಗೆ ಮೈತುಂಬ ಬೆವರಿ ತಂಪಾಗಲು ಅದಕ್ಕೆ ಬರುವುದಿಲ್ಲ. ನಾಲಿಗೆ ಚಾಚಿ ಏದುಸಿರು ಬಿಟ್ಟೇ ಮೈಬಿಸಿ ಇಳಿಸಿಕೊಳ್ಳಬೇಕು. ಹಾಗಾಗಿ ತಗಡಿನ ಶೆಡ್ಡಿನೊಳಗೆ ನಾಯಿ ಕಟ್ಟುವ ಜಾಗವನ್ನು ಅಲ್ಲೇ ಬಿಟ್ಟುಬಿಡಿ. ನೆಲದ ಮೇಲೆ ನೀವೇ ಬರಿಗಾಲಲ್ಲಿ ನಿಂತು ನೋಡಿ. ನಿಮಗೆ ನಿಲ್ಲಲಾಗದಿದ್ದರೆ ನಾಯಿಗೂ ಆಗದು.

ಆಮೇಲೆ ಒಂದು ಅರ್ಧ ಗಂಟೆ ಮಾತಾಡದೆ ಕೂತು ಕಿವಿಗೊಡಿ. ಹೊಸಬರನ್ನು ಕಂಡು ನಾಯಿಗಳು ಬೊಗಳುವುದು ಸಹಜ. ಸ್ವಲ್ಪ ಹೊತ್ತಿಗೆ ಸುಮ್ಮನಾದರೆ ಅಲ್ಲಿ ಅವಕ್ಕೆ ನೆಮ್ಮದಿಯಿದೆ ಎಂದು ತಿಳಿಯಬಹುದು. ಬೊಗಳುವುದು ನಿಲ್ಲದೆ, ಕೆಲಸದವರು ಗದರಿಸುತ್ತಲೇ ಇದ್ದರೆ ಎದ್ದು ಬನ್ನಿ.

ಲಸಿಕೆ ಕಾರ್ಡು ಕೇಳುತ್ತಾರೋ ಇಲ್ಲವೋ ಗಮನಿಸಿ. ನಮ್ಮ ನಾಯಿಯ ಕಾರ್ಡು ಕೇಳದವರು ಉಳಿದ ನಾಯಿಗಳದ್ದನ್ನೂ ಕೇಳಿರುವುದಿಲ್ಲ. ರೇಬಿಸ್ ಲಸಿಕೆಯನ್ನು ಮರಿಗೆ ಮೂರು ತಿಂಗಳಾದಾಗ ಹಾಕಿಸಿ, ಆಮೇಲೆ ಪಶುವೈದ್ಯರು ಹೇಳಿದಂತೆ ವರ್ಷ ವರ್ಷ ಹಾಕಿಸಬೇಕು. ಡಿಸ್ಟೆಂಪರ್, ಪಾರ್ವೊ ರೋಗಗಳ ಲಸಿಕೆಯೂ ಬೇಕು. ಊರಿಗೆ ಹೊರಡುವ ಹಿಂದಿನ ದಿನ ಓಡಿಹೋಗಿ ಚುಚ್ಚಿಸಿದರೆ ಪ್ರಯೋಜನವಿಲ್ಲ, ಲಸಿಕೆ ಮೈಗೆ ಹತ್ತಲು ಎರಡು ಮೂರು ವಾರ ಬೇಕು.

ಇಷ್ಟೆಲ್ಲ ಒಂದು ನಾಯಿಗಾಗಿಯೇ ಎಂದು ನಗುವವರಿದ್ದಾರೆ. ಅವರಿಗೆ ಆತಕೂರಿನ ಕಥೆ ಹೇಳಿ. ಅದು ಮಂಡ್ಯ ಜಿಲ್ಲೆಯ ಊರು. ಹತ್ತನೆಯ ಶತಮಾನದಲ್ಲಿ, ಗಂಗರ ಬೂತುಗನ ಕಾಲದಲ್ಲಿ, ಮಣಲೇರ ಎಂಬ ವೀರನಿದ್ದ. ಯುದ್ಧದಲ್ಲಿ ಅವನ ಶೌರ್ಯಕ್ಕೆ ಮೆಚ್ಚಿದ ರಾಜ ಏನು ಬೇಕೋ ಕೇಳು ಎಂದಾಗ, ಅವನು ಬೇಡಿದ್ದು ಕಾಳಿ ಎಂಬ ನಾಯಿಯನ್ನು. ಕಾಳಿ ಕಾಡುಹಂದಿಯೊಡನೆ ಹೋರಾಡಿತು, ಎರಡೂ ಸತ್ತವು. ಮಣಲೇರ ಅದರ ನೆನಪಿಗೆ ಕಲ್ಲು ನಿಲ್ಲಿಸಿದ. ನಾಯಿ ಮತ್ತು ಹಂದಿಯ ಕಾಳಗವನ್ನು ಕೆತ್ತಿದ ಆ ಕಲ್ಲು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಸಾವಿರ ವರ್ಷದ ಹಿಂದೆಯೇ ನಮ್ಮವರು ನಾಯಿಯನ್ನು ಹೆಸರು ಹಿಡಿದು ನೆನೆದಿದ್ದಾರೆ.

ಎರಡು ಜಾಗ ನೋಡಿ ಬೇಡವೆಂದು ಬಂದ ಮೇಲೆ, ನೆಂಟರೊಬ್ಬರು ಕುರುಗೋಡಿನ ಒಂದು ಮನೆಯ ವಿಷಯ ಹೇಳಿದರು. ವಯಸ್ಸಾದ ಗಂಡ ಹೆಂಡತಿ, ಅಂಗಳದಲ್ಲಿ ದೊಡ್ಡ ಬೇವಿನ ಮರ. ಒಂದು ಸಲಕ್ಕೆ ಮೂರಕ್ಕಿಂತ ಹೆಚ್ಚು ನಾಯಿ ಇಟ್ಟುಕೊಳ್ಳುವುದಿಲ್ಲ. ಪಶುವೈದ್ಯರ ಫೋನ್ ನಂಬರು ಗೋಡೆಯ ಮೇಲೇ ಬರೆದಿತ್ತು. ನಾವು ಪ್ರಶ್ನೆ ಕೇಳಬೇಕೆಂದು ಹೋಗಿದ್ದೆವು. ಅಲ್ಲಿ ಆ ಅಮ್ಮನೇ ನಮ್ಮನ್ನು ಕೇಳತೊಡಗಿದರು. "ಗುಡುಗಿಗೆ ಹೆದರ್ತಾನೇನ್ರಿ? ಯಾವ ಹೊತ್ತಿಗೆ ಉಣ್ಣೋ ರೂಢಿ? ಉಣ್ಣದಿದ್ರೆ ನೀವು ಏನಂತ ಕರೀತೀರಿ?" ಮೊಮ್ಮಗಳು ನನ್ನ ಮುಖ ನೋಡಿದಳು. ನೋಟ್‌ಬುಕ್ಕು ಮುಚ್ಚಿದಳು.

ಆದರೂ ನಾಲ್ಕು ದಿನ ಒಮ್ಮೆಗೇ ಬಿಡುವುದು ಬೇಡವೆಂದು ಮೊದಲು ಒಂದೇ ರಾತ್ರಿ ಬಿಟ್ಟೆವು. ಜೊತೆಗೆ ನನ್ನ ಹಳೆಯ ಪಂಚೆ ಕೊಟ್ಟೆವು. ಮನೆಯವರ ವಾಸನೆ ಹತ್ತಿರವಿದ್ದರೆ ನಾಯಿಗೆ ಧೈರ್ಯ. ದಿನಾ ತಿನ್ನುವ ಊಟವನ್ನೇ ಹಾಕಲು ಹೇಳಿದೆವು, ಜಾಗದ ಜೊತೆ ಊಟವೂ ಬದಲಾದರೆ ಹೊಟ್ಟೆ ಕೆಡುತ್ತದೆ. ಆ ರಾತ್ರಿ ಮೊಮ್ಮಗಳೂ ಸರಿಯಾಗಿ ಉಣ್ಣಲಿಲ್ಲ.

ಬೆಳಿಗ್ಗೆ ಹೋದಾಗ ಆ ಅಮ್ಮ ಹೇಳಿದರು: "ರಾತ್ರಿ ಉಣ್ಣಲಿಲ್ರಿ. ಹನ್ನೊಂದರ ತನಕ ಬಾಗಿಲ ಹತ್ರನೇ ಕೂತಿದ್ದ. ನಾನೂ ಪಕ್ಕದಾಗ ಕೂತೆ. ಆಮೇಲೆ ಒಂಚೂರು ನೀರು ಕುಡಿದು ಪಂಚೆ ಮೇಲೆ ಮಲಗಿದ. ಬೆಳಿಗ್ಗೆ ಮೊಸರನ್ನ ತಿಂದ, ಅರ್ಧ ಬಿಟ್ಟ."

ಕಳೆದ ವರ್ಷ ಕೇಳಿದ್ದು "ಚೆನ್ನಾಗೇ ಇದ್ದ." ಈ ವರ್ಷ ಕೇಳಿದ್ದು "ಉಣ್ಣಲಿಲ್ಲ." ಆದರೂ ನನ್ನ ಮನಸ್ಸು ಹಗುರಾದದ್ದು ಈ ಮಾತಿಗೇ. ಕರಿಯ ಬಾಲ ಅಲ್ಲಾಡಿಸುತ್ತಾ ಬಂದು ಒಮ್ಮೆ ಬೊಗಳಿದ, ದನಿ ಗಟ್ಟಿಯಾಗಿಯೇ ಇತ್ತು. ಮುಂದಿನ ವಾರ ಸಿರುಗುಪ್ಪಕ್ಕೆ ಹೊರಡುತ್ತೇವೆ. ನಿಮ್ಮ ಮನೆಯಲ್ಲೂ ಒಬ್ಬ ಕರಿಯನಿದ್ದರೆ, ಟಿಕೆಟ್ ಮಾಡಿಸುವ ಮೊದಲೇ ಅವನ ಜಾಗ ನೋಡಿ ಬನ್ನಿ.