ಐಡಿಇ ಆಯ್ಕೆಯೂ ಪಾಠಯೋಜನೆಯಲ್ಲಿ ಬರಬೇಕು

ಕಳೆದ ವರ್ಷದ ಅಭ್ಯಾಸ ಬೋಧನೆಯಲ್ಲಿ ನಾನು ಕೊಟ್ಟ ಎರಡು ಅಂಕಗಳ ಬಗ್ಗೆ ನನಗೆ ಇಂದಿಗೂ ಸಮಾಧಾನವಿಲ್ಲ. ಅವು ಆಂತರಿಕ ಮೌಲ್ಯಮಾಪನದ ಪಟ್ಟಿಗೆ ಸೇರಿ ಹೋಗಿವೆ, ಇನ್ನು ಬದಲಾಗುವುದಿಲ್ಲ. ಆದರೆ ಅವುಗಳಿಂದ ನಾನು ಕಲಿತದ್ದನ್ನು ಸಹೋದ್ಯೋಗಿಗಳ ಮತ್ತು ಪ್ರಶಿಕ್ಷಣಾರ್ಥಿಗಳ ಮುಂದೆ ಇಡುವುದು ನನ್ನ ಕರ್ತವ್ಯ.

ಒಂದೇ ಪದವಿಪೂರ್ವ ಕಾಲೇಜು, ಪ್ರಥಮ ಪಿಯುಸಿಯ ಎರಡು ವಿಭಾಗಗಳು, ಒಂದೇ ಪಾಠ: ಪೈಥಾನ್ ಭಾಷೆಯ ‘ಫಾರ್’ ಲೂಪ್. ಇಬ್ಬರು ಪ್ರಶಿಕ್ಷಣಾರ್ಥಿಗಳೂ 7ರ ಮಗ್ಗಿಯನ್ನೇ ಉದಾಹರಣೆಯಾಗಿ ತೆಗೆದುಕೊಂಡಿದ್ದರು. ಮೊದಲನೆಯವರು ಸಾಫ್ಟ್‌ವೇರ್ ಉದ್ಯೋಗಿಗಳು ಬಳಸುವಂಥ ದೊಡ್ಡ ಐಡಿಇಯನ್ನು ಎಲ್ಲ ಗಣಕಗಳಿಗೂ ಹಾಕಿಸಿದ್ದರು. ಮಕ್ಕಳು ಅರ್ಧ ಪದ ಟೈಪ್ ಮಾಡುವಷ್ಟರಲ್ಲಿ ಉಳಿದ ಸಾಲು ಬೂದು ಬಣ್ಣದಲ್ಲಿ ತಾನಾಗಿ ಮೂಡುತ್ತಿತ್ತು. ಟ್ಯಾಬ್ ಒತ್ತಿದರೆ ಸಾಲು ಸಿದ್ಧ. ಹತ್ತು ನಿಮಿಷದಲ್ಲಿ ಎಲ್ಲರ ಪರದೆಯ ಮೇಲೂ ಮಗ್ಗಿ ಬಂತು. ಪಾಠ ಗಂಟೆಗೆ ಸರಿಯಾಗಿ ಮುಗಿಯಿತು. ನಾನು ಧಾರಾಳವಾಗಿ ಅಂಕ ಕೊಟ್ಟೆ.

ಎರಡನೆಯವರು ಪೈಥಾನ್ ಜೊತೆಗೇ ಬರುವ ಐಡಲ್ ಬಳಸಿದರು. ಅಲ್ಲಿ ಯಾರೂ ಸಾಲನ್ನು ಪೂರ್ತಿ ಮಾಡಿಕೊಡಲಿಲ್ಲ. ಕೆಲವರು ಸಾಲಿನ ಕೊನೆಯ ಕೋಲನ್ ಬಿಟ್ಟಿದ್ದರು, ಕೆಲವರು ‘ಪ್ರಿಂಟ್’ ಪದವನ್ನು ದೊಡ್ಡಕ್ಷರದಿಂದ ಶುರು ಮಾಡಿದ್ದರು. ಎಲ್ಲೆಲ್ಲೂ ಕೆಂಪು. ಆಕೆ ಒಂದು ಗಣಕದಿಂದ ಇನ್ನೊಂದಕ್ಕೆ ಓಡಾಡಿದ್ದೇ ಆಯಿತು. ಓಡಿದ ಪ್ರೋಗ್ರಾಮುಗಳಲ್ಲೂ ಮಗ್ಗಿ 63ಕ್ಕೇ ನಿಂತಿತು. ‘ಮೇಡಂ, ಹತ್ತನೆಯ ಸಾಲು ಎಲ್ಲಿ ಹೋಯಿತು?’ ಎಂದು ಒಬ್ಬ ಹುಡುಗ ಕೇಳಿದ. ಅದಕ್ಕೆ ಉತ್ತರ ಕೊಡುವುದರಲ್ಲೇ ಗಂಟೆ ಹೊಡೆಯಿತು. ಪುನರಾವಲೋಕನವೂ ಇಲ್ಲ, ಗೃಹಪಾಠವೂ ಇಲ್ಲ. ‘ಸಮಯ ನಿರ್ವಹಣೆ ದುರ್ಬಲ, ಬೋಧನೋಪಕರಣದ ಬಳಕೆ ಸಾಧಾರಣ’ ಎಂದು ಬರೆದು ಅಂಕ ಕಡಿಮೆ ಮಾಡಿದೆ.

ಮುಂದಿನ ವಾರ ಆ ಕಾಲೇಜಿನ ಉಪನ್ಯಾಸಕರು ಎರಡೂ ವಿಭಾಗಗಳಿಗೆ ಕಾಗದದ ಮೇಲೆ ಒಂದು ಸಣ್ಣ ಪರೀಕ್ಷೆ ಕೊಟ್ಟರು. ‘ರೇಂಜ್’ಗೆ 1 ಮತ್ತು 10 ಕೊಟ್ಟರೆ ಲೂಪ್ ಎಷ್ಟು ಸಲ ನಡೆಯುತ್ತದೆ, ಕೊನೆಯ ಸಲ ಚರದ ಬೆಲೆ ಎಷ್ಟು ಎಂಬ ಪ್ರಶ್ನೆ ಅದರಲ್ಲಿತ್ತು. ಮೊದಲನೆಯ ವಿಭಾಗದವರು ಹೆಚ್ಚಿನವರು ಹತ್ತು ಎಂದು ಬರೆದರು. ಅವರ ಪ್ರೋಗ್ರಾಮಿನಲ್ಲಿ 11 ಎಂದು ಇದ್ದದ್ದು ನಿಜ, ಆದರೆ ಅದನ್ನು ಬರೆದದ್ದು ಐಡಿಇ. 11 ಯಾಕೆ ಎಂದು ಕೇಳುವ ಪ್ರಸಂಗವೇ ಅವರಿಗೆ ಬಂದಿರಲಿಲ್ಲ. ಎರಡನೆಯ ವಿಭಾಗದಲ್ಲಿ, ಹತ್ತನೆಯ ಸಾಲನ್ನು ಕಳೆದುಕೊಂಡವರು, ಒಂಬತ್ತು ಎಂದು ಸರಿಯಾಗಿ ಬರೆದಿದ್ದರು.

ಇಷ್ಟು ಹೇಳಿದ ಮೇಲೆ ‘ಹಾಗಾದರೆ ಐಡಲ್ ಒಳ್ಳೆಯದು, ದೊಡ್ಡ ಐಡಿಇ ಕೆಟ್ಟದ್ದು’ ಎಂಬ ತೀರ್ಮಾನಕ್ಕೆ ಬರುವುದು ಸುಲಭ. ನನ್ನ ಅಭಿಪ್ರಾಯ ಅದಲ್ಲ. ಎರಡನೆಯ ವಿಭಾಗದಲ್ಲೂ ಕೆಂಪು ಗುರುತನ್ನು ದಾಟಲಾಗದೆ ಕೈಕಟ್ಟಿ ಕುಳಿತ ಮಕ್ಕಳಿದ್ದರು. ಅವರು ಪರೀಕ್ಷೆಯಲ್ಲೂ ಏನನ್ನೂ ಬರೆಯಲಿಲ್ಲ. ಲೋಪ ಇದ್ದದ್ದು ಬೇರೆ ಕಡೆ. ಇಬ್ಬರ ಪಾಠಯೋಜನೆಯಲ್ಲೂ ಬೋಧನೋಪಕರಣದ ಅಂಕಣದಲ್ಲಿ ‘ಗಣಕಯಂತ್ರ, ಪ್ರೊಜೆಕ್ಟರ್’ ಎಂದಷ್ಟೇ ಇತ್ತು. ಈ ಐಡಿಇ ಯಾಕೆ, ಅದು ಇಂದಿನ ಕಲಿಕಾಂಶಕ್ಕೆ ಹೇಗೆ ನೆರವಾಗುತ್ತದೆ ಎಂಬುದನ್ನು ಅವರು ಬರೆದಿರಲಿಲ್ಲ. ನಾನೂ ಕೇಳಿರಲಿಲ್ಲ. ಭೂಗೋಳದ ಪಾಠಕ್ಕೆ ರಾಜಕೀಯ ನಕ್ಷೆ ತಂದಿರೋ ಪ್ರಾಕೃತಿಕ ನಕ್ಷೆ ತಂದಿರೋ ಎಂದು ನಾವು ಕೇಳುತ್ತೇವೆ. ಗಣಕ ವಿಜ್ಞಾನದ ಪಾಠದಲ್ಲಿ ಮಾತ್ರ ಪರದೆ ಹೊತ್ತಿಕೊಂಡರೆ ಸಾಕೆಂದು ತೃಪ್ತರಾಗುತ್ತೇವೆ.

ಐಡಿಇಗಳನ್ನು ಹೋಲಿಸುವಾಗ ಸಾಮಾನ್ಯವಾಗಿ ವೇಗ, ಸೌಲಭ್ಯ, ಜನಪ್ರಿಯತೆಗಳನ್ನು ನೋಡುತ್ತಾರೆ. ಅದು ಕೆಲಸ ಮಾಡುವವರ ಹೋಲಿಕೆ. ಕಲಿಸುವವರು ಕೇಳಬೇಕಾದದ್ದು ನಾಲ್ಕು ಪ್ರಶ್ನೆ. ಇದು ಕಲಿಯುವವರಿಂದ ಏನನ್ನು ಮರೆಮಾಡುತ್ತದೆ? ತಪ್ಪಾದಾಗ ಏನು ಹೇಳುತ್ತದೆ? ತಪ್ಪಿನಿಂದ ಹಿಂದಕ್ಕೆ ಬರಲು ಬಿಡುತ್ತದೆಯೇ? ನಮ್ಮ ಅಭ್ಯಾಸ ಶಾಲೆಯ ಹಳೆಯ ಗಣಕದಲ್ಲಿ ಓಡುತ್ತದೆಯೇ?

ನಮ್ಮಲ್ಲಿ ಹಲವರು ಕಲಿತದ್ದು ಟರ್ಬೊ ಸಿ++ನ ನೀಲಿ ಪರದೆಯ ಮೇಲೆ. ಬೋರ್ಲ್ಯಾಂಡ್ ಕಂಪನಿ ಅದನ್ನು ಮೊದಲು ಹೊರತಂದದ್ದು 1990ರಲ್ಲಿ. ಬರೆಯುವುದು, ಕಂಪೈಲ್ ಮಾಡುವುದು, ಓಡಿಸುವುದು ಎಲ್ಲವೂ ಒಂದೇ ಕಡೆ ಸಿಗುತ್ತಿದ್ದ ಅದು ಅಂದಿಗೆ ದೊಡ್ಡ ಅನುಕೂಲ. ಆದರೆ ಸಿ++ ಭಾಷೆಗೆ ಅಂತರರಾಷ್ಟ್ರೀಯ ಪ್ರಮಾಣಕ ಬಂದದ್ದು 1998ರಲ್ಲಿ. ಅದಕ್ಕೂ ಹಿಂದಿನ ಹೆಡರ್ ಹೆಸರುಗಳನ್ನೂ ‘ವಾಯ್ಡ್ ಮೇನ್’ ಬರೆಯುವ ರೂಢಿಯನ್ನೂ ಕಂಠಪಾಠ ಮಾಡಿದ ಮಕ್ಕಳು ಮುಂದೆ ಬೇರೆ ಕಂಪೈಲರಿನ ಮುಂದೆ ಕುಳಿತಾಗ ತಬ್ಬಿಬ್ಬಾದರು. ಐಡಿಇಯ ಅಭ್ಯಾಸವನ್ನೇ ಅವರು ಭಾಷೆಯ ನಿಯಮ ಎಂದುಕೊಂಡಿದ್ದರು. ಅದೇ ತಪ್ಪು ಪೈಥಾನ್ ಕಾಲದಲ್ಲಿ ಮರುಕಳಿಸಬಾರದು.

ಐಡಲ್ ಹೆಸರಿನ ವಿಸ್ತರಣೆಯಲ್ಲೇ ‘ಲರ್ನಿಂಗ್’ ಎಂಬ ಪದವಿದೆ. ಅದು ಹಗುರ, ಬೇರೆಯಾಗಿ ಸ್ಥಾಪಿಸುವ ತೊಂದರೆಯಿಲ್ಲ. ಪೈಥಾನ್ 3.10ರಿಂದ ಈಚೆಗೆ ದೋಷ ಸಂದೇಶಗಳೂ ಸುಧಾರಿಸಿವೆ: ದೊಡ್ಡಕ್ಷರದಲ್ಲಿ ‘ಪ್ರಿಂಟ್’ ಬರೆದರೆ, ಸಣ್ಣಕ್ಷರದ್ದೇ ನಿಮ್ಮ ಮನಸ್ಸಿನಲ್ಲಿತ್ತೇ ಎಂದು ಅದೇ ಕೇಳುತ್ತದೆ. ಆ ಸಂದೇಶವನ್ನು ಓದಲು ಕಲಿಸುವುದೇ ಒಂದು ಪಾಠ. ಓದಲು ಕಲಿಸದೆ ಐಡಲ್ ಕೊಟ್ಟರೆ ಮಕ್ಕಳಿಗೆ ಕಾಣುವುದು ಕೆಂಪು ಬಣ್ಣ ಮಾತ್ರ.

ಥಾನಿ ಎಂಬ ಐಡಿಇ ಹುಟ್ಟಿದ್ದು ಎಸ್ಟೋನಿಯಾದ ಟಾರ್ಟು ವಿಶ್ವವಿದ್ಯಾಲಯದಲ್ಲಿ, ಹೊಸದಾಗಿ ಪ್ರೋಗ್ರಾಮಿಂಗ್ ಕಲಿಯುವವರಿಗಾಗಿಯೇ. ಅದರಲ್ಲಿ ಪ್ರೋಗ್ರಾಮನ್ನು ಹಂತ ಹಂತವಾಗಿ ನಡೆಸಬಹುದು. ಏಳು ಗುಣಿಸು ಚರ ಎಂಬ ಪದಪುಂಜವಿದ್ದರೆ, ಮೊದಲು ಚರದ ಜಾಗದಲ್ಲಿ ಅದರ ಬೆಲೆ ಬರುತ್ತದೆ, ಆಮೇಲೆ ಗುಣಲಬ್ಧ ಬರುತ್ತದೆ. ಪಕ್ಕದ ಕಿಟಕಿಯಲ್ಲಿ ಚರದ ಬೆಲೆ 1, 2, 3 ಎಂದು ಬದಲಾಗುವುದು ಕಾಣುತ್ತದೆ. ಕಪ್ಪುಹಲಗೆಯ ಮೇಲೆ ನಾವು ಕೋಷ್ಟಕ ಎಳೆದು ತೋರಿಸುವುದನ್ನೇ ಅದು ಪರದೆಯ ಮೇಲೆ ಮಾಡುತ್ತದೆ. ಲೂಪಿನ ಮೊದಲ ಪಾಠಕ್ಕೆ ನನ್ನ ಮತ ಇದಕ್ಕೆ.

2015ರಲ್ಲಿ ಮೈಕ್ರೋಸಾಫ್ಟ್ ತಂದ ವಿಎಸ್ ಕೋಡ್ ಮೂಲತಃ ಒಂದು ಎಡಿಟರ್. ವಿಸ್ತರಣೆಗಳನ್ನು ಸೇರಿಸಿದಾಗ ಐಡಿಇಯ ಕೆಲಸ ಮಾಡುತ್ತದೆ. ಹಲವು ಕಡತಗಳಿರುವ ಪ್ರಾಜೆಕ್ಟ್ ಕೆಲಸಕ್ಕೆ ಅದು ಸೊಗಸು. ವರ್ಷದ ಕೊನೆಯಲ್ಲಿ ಅದನ್ನು ಪರಿಚಯಿಸಲಿ. ಆದರೆ ಮೊದಲ ತಿಂಗಳಲ್ಲೇ ಬಳಸುವುದಾದರೆ ಸಲಹೆ ಕೊಡುವ ಸೌಲಭ್ಯಗಳನ್ನು ಆರಿಸಿಟ್ಟು ಬಳಸಬೇಕು. ಅಕ್ಷರ ತಿದ್ದುವ ಮಗುವಿನ ಕೈಯನ್ನು ಮೊದಲ ದಿನ ಹಿಡಿದು ಬರೆಸುತ್ತೇವೆ, ನಿಜ. ಆದರೆ ಕೈ ಬಿಡುವ ದಿನ ಯಾವುದು ಎಂಬುದು ಮೇಷ್ಟರಿಗೆ ಗೊತ್ತಿರಬೇಕು.

ದತ್ತಸಂಚಯದ ಪಾಠಗಳಲ್ಲಿ ಈ ವಿಚಾರ ಇನ್ನೂ ಸೂಕ್ಷ್ಮ. ಎನ್‌ಸಿಇಆರ್‌ಟಿಯ 12ನೇ ತರಗತಿಯ ಗಣಕ ವಿಜ್ಞಾನ ಪಠ್ಯ ಎಸ್‌ಕ್ಯೂಎಲ್ ಅನ್ನು ಮೈಎಸ್‌ಕ್ಯೂಎಲ್ ಮೂಲಕ ಕಲಿಸುತ್ತದೆ. ಅಲ್ಲಿ ಎಲ್ಲರೂ ಮಾಡುವ ಒಂದು ತಪ್ಪಿದೆ: ‘ಅಪ್‌ಡೇಟ್’ ಆದೇಶ ಬರೆದು ‘ವೇರ್’ ಷರತ್ತನ್ನು ಮರೆಯುವುದು. ಒಬ್ಬ ವಿದ್ಯಾರ್ಥಿಯ ಅಂಕ ತಿದ್ದಲು ಹೋದರೆ ಇಡೀ ತರಗತಿಯ ಅಂಕ ಒಂದೇ ಆಗಿಬಿಡುತ್ತದೆ. ಈ ಒಂದು ತಪ್ಪನ್ನು ಇಟ್ಟುಕೊಂಡು ಉಪಕರಣಗಳನ್ನು ಹೋಲಿಸಿ ನೋಡಿ.

ಮೈಎಸ್‌ಕ್ಯೂಎಲ್‌ನ ಆದೇಶ ಸಾಲಿನಲ್ಲಿ ಈ ತಪ್ಪು ತಕ್ಷಣ ಜಾರಿಯಾಗುತ್ತದೆ, ಹಿಂದಿರುಗುವ ದಾರಿಯಿಲ್ಲ. ಪ್ರತಿ ಆದೇಶವೂ ತಾನಾಗಿ ಖಾಯಂ ಆಗುವುದು ಅಲ್ಲಿನ ಮೂಲ ವ್ಯವಸ್ಥೆ. ಮೈಎಸ್‌ಕ್ಯೂಎಲ್ ವರ್ಕ್‌ಬೆಂಚ್ ಇದೇ ಆದೇಶವನ್ನು 1175 ಎಂಬ ದೋಷ ಸಂಖ್ಯೆ ತೋರಿಸಿ ತಡೆಯುತ್ತದೆ, ಯಾಕೆಂದರೆ ಅಲ್ಲಿ ಸುರಕ್ಷಿತ ಅಪ್‌ಡೇಟ್ ಎಂಬ ವ್ಯವಸ್ಥೆ ಮೊದಲೇ ಚಾಲೂ ಇರುತ್ತದೆ. ಇದು ಒಳ್ಳೆಯ ಕಾವಲು. ಆದರೆ ‘ವೇರ್’ ಬರೆದಿದ್ದರೂ, ಅದರಲ್ಲಿ ಕೀ ಕಾಲಮ್ ಇಲ್ಲದೆ ಹೆಸರನ್ನಷ್ಟೇ ಕೊಟ್ಟರೆ ಅದು ತಡೆಯಬಹುದು. ಇದನ್ನು ತಿಳಿಯದ ಪ್ರಶಿಕ್ಷಣಾರ್ಥಿ ಮಕ್ಕಳೆದುರು ‘ಸರ್ವರ್ ಸರಿಯಿಲ್ಲ’ ಎಂದುಬಿಡುತ್ತಾರೆ. ತಿಳಿದವರು ಅದೇ ಸಂದೇಶವನ್ನು ಹಿಡಿದು ಪ್ರಾಥಮಿಕ ಕೀ ಯಾಕೆ ಬೇಕು ಎಂಬುದನ್ನು ವಿವರಿಸುತ್ತಾರೆ.

ಡಿಬಿ ಬ್ರೌಸರ್ ಫಾರ್ ಎಸ್‌ಕ್ಯೂಲೈಟ್ ಎಂಬ ಉಚಿತ ಉಪಕರಣದಲ್ಲಿ ಬದಲಾವಣೆ ಕಣ್ಣಿಗೆ ಕಾಣುತ್ತದೆ, ಆದರೆ ‘ರೈಟ್ ಚೇಂಜಸ್’ ಒತ್ತುವವರೆಗೆ ಖಾಯಂ ಆಗುವುದಿಲ್ಲ. ‘ರಿವರ್ಟ್ ಚೇಂಜಸ್’ ಒತ್ತಿದರೆ ಹಳೆಯ ಅಂಕಗಳು ಮರಳುತ್ತವೆ. ಕಮಿಟ್, ರೋಲ್‌ಬ್ಯಾಕ್ ಎಂಬ ಪದಗಳನ್ನು ಬಾಯಿಪಾಠ ಮಾಡಿಸುವ ಬದಲು ಈ ಎರಡು ಗುಂಡಿಗಳನ್ನು ತೋರಿಸಿದರೆ ಪಾಠದ ಅರ್ಧ ಕೆಲಸ ಮುಗಿಯುತ್ತದೆ. ಸರ್ವರ್ ಬೇಡ, ಪಾಸ್‌ವರ್ಡ್ ಬೇಡ, ಇಡೀ ದತ್ತಸಂಚಯ ಒಂದೇ ಕಡತದಲ್ಲಿರುತ್ತದೆ, ಪೆನ್‌ಡ್ರೈವಿನಲ್ಲಿ ಒಯ್ಯಬಹುದು. ಕೊರತೆಯೂ ಇದೆ: ಪೂರ್ಣಾಂಕದ ಕಾಲಮ್ಮಿಗೆ ಅಕ್ಷರ ಕೊಟ್ಟರೂ ಎಸ್‌ಕ್ಯೂಲೈಟ್ ಸಾಮಾನ್ಯವಾಗಿ ತೆಗೆದುಕೊಳ್ಳುತ್ತದೆ. ಹೀಗಾಗಿ ದತ್ತಾಂಶದ ಬಗೆಗಳನ್ನು ಕಲಿಸುವ ದಿನ ಮೈಎಸ್‌ಕ್ಯೂಎಲ್‌ಗೇ ಹೋಗಬೇಕು. ಪಿಎಚ್‌ಪಿಮೈಅಡ್ಮಿನ್ ಬಳಸುವವರು ಒಂದನ್ನು ಮರೆಯಬಾರದು: ಗುಂಡಿ ಒತ್ತಿ ಮಾಡಿದ ಕೆಲಸದ ಹಿಂದೆ ಯಾವ ಎಸ್‌ಕ್ಯೂಎಲ್ ಓಡಿತು ಎಂಬುದನ್ನು ಅದು ಪುಟದ ಮೇಲೆ ತೋರಿಸುತ್ತದೆ. ಮಕ್ಕಳು ಆ ಸಾಲನ್ನು ನೋಟುಪುಸ್ತಕಕ್ಕೆ ಬರೆದುಕೊಳ್ಳಲಿ.

ಇದಕ್ಕೆ ಎರಡು ಆಕ್ಷೇಪಗಳನ್ನು ಕೇಳಿದ್ದೇನೆ. ಉದ್ಯೋಗದಲ್ಲಿ ಬಳಸುವುದನ್ನೇ ಕಲಿಸಬೇಕು ಎಂಬುದು ಒಂದು. ಹದಿನಾರು ವರ್ಷದ ಮಗು ಉದ್ಯೋಗಕ್ಕೆ ಹೋಗುವಷ್ಟರಲ್ಲಿ ಇಂದಿನ ಐಡಿಇ ಇದೇ ರೂಪದಲ್ಲಿ ಇರುತ್ತದೆಂಬ ಭರವಸೆಯಿಲ್ಲ. ಲೂಪ್ ಇರುತ್ತದೆ, ‘ವೇರ್’ ಇರುತ್ತದೆ. ಪಾಠಕ್ಕೊಂದು ಉಪಕರಣ ಬದಲಿಸಿದರೆ ಗೊಂದಲವಾಗುತ್ತದೆ ಎಂಬುದು ಇನ್ನೊಂದು. ಇದರಲ್ಲಿ ಹುರುಳಿದೆ. ಪ್ರಾಯೋಗಿಕ ಪರೀಕ್ಷೆಯಲ್ಲಿ ಲ್ಯಾಬಿನಲ್ಲಿರುವುದನ್ನೇ ಬಳಸಬೇಕಲ್ಲ. ಹಾಗಾಗಿ ವರ್ಷಕ್ಕೆ ಎರಡು ಸಾಕು, ಬದಲಾವಣೆಯ ದಿನವನ್ನು ಮೊದಲೇ ನಿಗದಿ ಮಾಡಿಕೊಳ್ಳಬೇಕು. ಆ ದಿನ ಹಿಂದಿನ ಐಡಿಇಯಲ್ಲಿ ಬರೆದ ಅದೇ ಪೈಥಾನ್ ಕಡತವನ್ನು ಹೊಸದರಲ್ಲಿ ತೆರೆದು ಓಡಿಸಲಿ. ಪ್ರೋಗ್ರಾಮ್ ಬೇರೆ, ಅದನ್ನು ಬರೆಯುವ ಜಾಗ ಬೇರೆ ಎಂಬುದು ಮಕ್ಕಳಿಗೆ ಆಗ ತಿಳಿಯುತ್ತದೆ.

ನನ್ನ ಸಲಹೆ ಸಣ್ಣದು. ಪಾಠಯೋಜನೆಯ ಬೋಧನೋಪಕರಣದ ಅಂಕಣದಲ್ಲಿ ಪ್ರಶಿಕ್ಷಣಾರ್ಥಿಗಳು ಐಡಿಇಯ ಹೆಸರು ಬರೆದು, ಕೆಳಗೆ ಎರಡು ಸಾಲು ಸೇರಿಸಲಿ: ‘ಇದು ಇಂದು ತೋರಿಸುವುದು’ ಮತ್ತು ‘ಇದು ಇಂದು ಮರೆಮಾಡುವುದು’. ವೀಕ್ಷಣಾ ನಮೂನೆಯಲ್ಲಿ ‘ಬೋಧನೋಪಕರಣ ಬಳಸಿದರೇ?’ ಎಂಬ ಪ್ರಶ್ನೆಯ ಜೊತೆಗೆ ‘ಕಲಿಯುವವರು ತಾವಾಗಿ ಮಾಡಿದ್ದೇನು, ಉಪಕರಣ ಮಾಡಿಕೊಟ್ಟದ್ದೇನು?’ ಎಂಬುದನ್ನು ನಾವು ಮೇಲ್ವಿಚಾರಕರು ಸೇರಿಸಿಕೊಳ್ಳೋಣ. ಐಡಲ್ ಬಳಸಿದ್ದ ಆ ಪ್ರಶಿಕ್ಷಣಾರ್ಥಿಯನ್ನು ಕರೆದು, ನನ್ನ ಟಿಪ್ಪಣಿ ಅರ್ಧ ಮಾತ್ರ ಸರಿಯಿತ್ತು ಎಂದು ಹೇಳಿದೆ. ಆಕೆ ನಕ್ಕು, ‘ಸರ್, ಆ ಹುಡುಗ ಹತ್ತನೆಯ ಸಾಲು ಕೇಳಿದಾಗಲೇ ನನಗೆ ಪಾಠ ಆಯಿತು ಅನ್ನಿಸಿತ್ತು’ ಎಂದರು. ಅದನ್ನು ಬರೆದುಕೊಳ್ಳಲು ನನ್ನ ನಮೂನೆಯಲ್ಲಿ ಅಂದು ಜಾಗವಿರಲಿಲ್ಲ. ಈ ವರ್ಷದ ಅಭ್ಯಾಸ ಬೋಧನೆ ಶುರುವಾಗುವ ಮೊದಲು ಆ ಜಾಗ ಮಾಡಿಕೊಳ್ಳೋಣ.