ಮನೆ ಏಳುವ ಮೊದಲು ನೀರಿನ ದಾರಿ ಕೇಳಬೇಕು

1898ರ ಪ್ಲೇಗ್ ಬೆಂಗಳೂರಿಗೆ ಒಂದು ಪಾಠ ಕಲಿಸಿತು: ಗಾಳಿ–ಬೆಳಕಿಲ್ಲದ ಇಕ್ಕಟ್ಟು ಜೀವ ತೆಗೆಯುತ್ತದೆ. ಅದರ ಬೆನ್ನಿಗೇ ಬೆಳೆದ ಮಲ್ಲೇಶ್ವರ, ಬಸವನಗುಡಿಗಳಲ್ಲಿ ಮನೆಗಳ ಹಿಂದೆ ಮಲ ಸಾಗಿಸಲು ಬಿಟ್ಟ ಕನ್ಸರ್ವೆನ್ಸಿ ಓಣಿಗಳು ಇಂದಿಗೂ ಅಲ್ಲಲ್ಲಿ ಉಳಿದಿವೆ. ಮಲ ಹೊರುವವರನ್ನು ಹಿತ್ತಲಲ್ಲೇ ನಿಲ್ಲಿಸಿದ ಆ ಓಣಿಗಳಲ್ಲಿ ಜಾತಿಯ ಕ್ರೌರ್ಯವೂ ಇತ್ತು, ಅದನ್ನು ಮರೆಯಬಾರದು. ಆದರೆ ಗೋಡೆ ಏಳುವ ಮುನ್ನವೇ ಕೊಳೆ ಎಲ್ಲಿ ಹೋಗಬೇಕು, ಗಾಳಿ ಎಲ್ಲಿಂದ ಬರಬೇಕು ಎಂದು ಅಲ್ಲಿ ಯಾರೋ ಕೂತು ಯೋಚಿಸಿದ್ದರು.

ಆ ಯೋಚನೆ ತಪ್ಪಿದರೆ ಏನಾಗುತ್ತದೆಂದು ಮುಂದೆ ಕಂಡಿತು. 2022ರ ಸೆಪ್ಟೆಂಬರಿನಲ್ಲಿ ಬೆಳ್ಳಂದೂರು, ಹೊರವರ್ತುಲ ರಸ್ತೆಯ ಸುತ್ತ ಕೋಟಿಗಟ್ಟಲೆ ಬೆಲೆಯ ವಿಲ್ಲಾಗಳು ಜಲಾವೃತವಾಗಿ, ಜನ ಟ್ರ್ಯಾಕ್ಟರ್ ಏರಿ ಹೊರಬಂದರು. ದೊಡ್ಡ ನದಿಯಿಲ್ಲದ ಈ ಊರನ್ನು ಪೊರೆದದ್ದು ಕೆರೆಗಳ ಸರಪಳಿ. ಮೇಲಿನ ಕೆರೆ ಕೋಡಿ ಬಿದ್ದರೆ ನೀರು ರಾಜಕಾಲುವೆ ಹಿಡಿದು ಕೆಳಗಿನ ಕೆರೆಗೆ ಇಳಿಯಬೇಕು. ಆ ದಾರಿಯಲ್ಲಿ ನಿವೇಶನ ಗುರುತಿಸಿದ ದಿನವೇ ಪ್ರವಾಹ ನಿಗದಿಯಾಗಿತ್ತು. ಮಳೆ ಬಂದದ್ದು ಆಮೇಲೆ.

ಎಂಜಿನಿಯರ್ ರಸ್ತೆ ಹಾಕುತ್ತಾರೆ, ವಾಸ್ತುಶಿಲ್ಪಿ ಕಟ್ಟಡ ರೂಪಿಸುತ್ತಾರೆ. ಅವರಿಬ್ಬರಿಗೂ ಮೊದಲು ಇಳಿಜಾರು ಓದಿ, ಮಗು ಶಾಲೆಗೆ ನಡೆದು ಹೋಗಬಹುದೇ, ಬಸ್ಸು ತಿರುಗಲು ಜಾಗವಿದೆಯೇ, ಮನೆಗೆಲಸಕ್ಕೆ ಬರುವವರು ಎಲ್ಲಿ ವಾಸಿಸಬೇಕು ಎಂದು ಕೇಳಬೇಕಾದವರು ನಗರ ಯೋಜಕರು. ಕೃಷಿ ಭೂಮಿಯಲ್ಲಿ ಅನುಮೋದನೆಯಿಲ್ಲದೆ ಎದ್ದ ರೆವಿನ್ಯೂ ಬಡಾವಣೆಗಳಲ್ಲಿ ಈ ಪ್ರಶ್ನೆಗಳನ್ನು ಯಾರೂ ಕೇಳಲಿಲ್ಲ. ಅಂಥದೊಂದು ಬೀದಿಯಲ್ಲಿ ಬೆಳಿಗ್ಗೆ ನಡೆದು ನೋಡಿ: ಪಾದಚಾರಿ ಮಾರ್ಗ ಟ್ರಾನ್ಸ್‌ಫಾರ್ಮರ್ ಎದುರು ಮುಗಿಯುತ್ತದೆ, ಮೊಮ್ಮಗಳ ಶಾಲಾಚೀಲ ಹೊತ್ತ ಅಜ್ಜಿ ಅವಳ ಕೈ ಬಿಗಿಹಿಡಿದು ನೀರಿನ ಟ್ಯಾಂಕರ್ ಪಕ್ಕದಲ್ಲೇ ರಸ್ತೆಗಿಳಿಯುತ್ತಾರೆ.

ಯೋಜಕರ ಕೊರತೆ ಎಷ್ಟೆಂಬುದನ್ನು ನೀತಿ ಆಯೋಗವೇ 2021ರ ವರದಿಯಲ್ಲಿ ಹೇಳಿದೆ. ಆಗ ದೇಶದ 7,933 ನಗರ ಪ್ರದೇಶಗಳಲ್ಲಿ ಶೇ 65ರಷ್ಟಕ್ಕೆ ಮಹಾಯೋಜನೆಯೇ ಇರಲಿಲ್ಲ. ರಾಜ್ಯಗಳ ನಗರ ಯೋಜನಾ ಇಲಾಖೆಗಳಿಗೆ 12 ಸಾವಿರಕ್ಕೂ ಹೆಚ್ಚು ಯೋಜಕರು ಬೇಕಿತ್ತು. ಮಂಜೂರಾದ ಹುದ್ದೆಗಳು 4 ಸಾವಿರಕ್ಕಿಂತ ಕಡಿಮೆ ಇದ್ದವು, ಅವುಗಳಲ್ಲೂ ಸುಮಾರು ಅರ್ಧ ಖಾಲಿ.

2015ಕ್ಕೆಂದು ಸಿದ್ಧಪಡಿಸಿ 2007ರಲ್ಲಿ ಒಪ್ಪಿಗೆ ಪಡೆದ ಮಹಾಯೋಜನೆಯನ್ನೇ ಬೆಂಗಳೂರು ಅವಧಿ ಮುಗಿದ ಮೇಲೂ ವರ್ಷಗಟ್ಟಲೆ ನೆಚ್ಚಿಕೊಂಡಿತು. 2031ರ ಕರಡನ್ನು ಸರ್ಕಾರ ಹಿಂಪಡೆಯಿತು. ನಿವೇಶನ ಹಂಚುವ ಪ್ರಾಧಿಕಾರದ ಕೈಗೇ ನಗರದ ನಕ್ಷೆಯನ್ನೂ ಕೊಟ್ಟದ್ದು ಮೂಲ ತಪ್ಪು. ನಿವೇಶನದ ಲೆಕ್ಕ ಹಾಕುವವರಿಗೆ ಕೆರೆಯಂಗಳವೂ ಖಾಲಿ ಜಾಗವಾಗಿಯೇ ಕಾಣುತ್ತದೆ. ನಗರ ಯೋಜನೆ ಸ್ಥಳೀಯ ಸಂಸ್ಥೆಗಳ ಕೈಯಲ್ಲಿರಬೇಕೆಂಬುದು ಸಂವಿಧಾನದ 1992ರ 74ನೇ ತಿದ್ದುಪಡಿಯ ಆಶಯ. ಬೆಂಗಳೂರಿನಲ್ಲೋ, 2020ರಲ್ಲಿ ಪಾಲಿಕೆ ಸದಸ್ಯರ ಅವಧಿ ಮುಗಿದ ಮೇಲೆ ಪ್ರಶ್ನೆ ಕೇಳಲು ಕಾರ್ಪೊರೇಟರ್‌ಗಳೇ ಇಲ್ಲದೆ ವರ್ಷಗಳು ಉರುಳಿದವು.

ಹಾಗಾಗಿ ಹುದ್ದೆ ತುಂಬಿದರಷ್ಟೇ ಸಾಲದು. ನಕ್ಷೆಯ ಹಸಿರು ವಲಯವನ್ನು ಹಳದಿಗೆ, ಅಂದರೆ ವಸತಿಗೆ, ತಿರುಗಿಸಿ ಎಂಬ ಒತ್ತಡ ಬಂದಾಗ ‘ಆಗದು’ ಎನ್ನುವ ಬಲವನ್ನು ಯೋಜಕರಿಗೆ ಕಾನೂನು ಕೊಡಬೇಕು. ನಕ್ಷೆ ಕನ್ನಡದಲ್ಲಿ ವಾರ್ಡ್ ಸಭೆಯ ಮುಂದೆ ಬರಬೇಕು. ಯಾವ ತಗ್ಗಿನಲ್ಲಿ ನೀರು ನಿಲ್ಲುತ್ತದೆಂದು ಅಲ್ಲಿ ಹುಟ್ಟಿ ಬೆಳೆದವರಿಗೆ ಗೊತ್ತಿರುತ್ತದೆ.

ಬೆಂಗಳೂರಿನಲ್ಲಿ ಒಂದು ಕಾಲುವೆ ಬಿಡಿಸಲು ಕಟ್ಟಿದ ಮನೆ ಒಡೆಯಬೇಕು. ತುಮಕೂರು, ಹಾಸನ, ದಾವಣಗೆರೆಗಳ ಅಂಚಿನಲ್ಲಿ ಇನ್ನೂ ಹೊಲಗಳಿವೆ. ಅಲ್ಲಿ ಸೈಟಿನ ಕಲ್ಲು ನೆಡುವ ಮುಂಚೆ, ನೀರು ಹರಿಯುವ ದಾರಿಯಲ್ಲಿ ಒಬ್ಬ ಯೋಜಕ ನಡೆದು ನೋಡಲಿ.