ಅಜ್ಜಿಯ ಕೋಣೆ

ಹರಪನಹಳ್ಳಿ ತಾಲ್ಲೂಕಿನ ಚಿಗಟೇರಿಯ ಸುತ್ತಿನ ಹಳೆಯ ಮಾಳಿಗೆಮನೆಗಳ ಅಳತೆ ಅಂಕಣಗಳ ಲೆಕ್ಕದಲ್ಲಿತ್ತು. ಎರಡು ಕಂಬಸಾಲುಗಳ ನಡುವಣ ಜಾಗವೇ ಒಂದು ಅಂಕಣ. ತಲೆಬಾಗಿಲ ಒಳಗೆ ತಗ್ಗಿನಲ್ಲಿ ದನಕರು, ಎತ್ತರದ ಪಡಸಾಲೆಯಲ್ಲಿ ಹಿರಿಯರು, ಅದರಾಚೆ ನಡುಮನೆ, ಅಡಿಗೆಮನೆ. ಪಡಸಾಲೆಯಲ್ಲಿ ಕುಳಿತ ಅಜ್ಜನ ಕಣ್ಣು ತಪ್ಪಿಸಿ ಯಾರೂ ಹೊರಹೋಗುವಂತಿರಲಿಲ್ಲ. ಸೊಸೆಯಂದಿರಿಗೆ ಅದು ಸೆರೆಯೂ ಆಗಿದ್ದುದುಂಟು. ಬೆಳಕಿಂಡಿಯನ್ನೇ ನಂಬಿದ್ದ ಆ ಮನೆಗಳನ್ನು ಇದ್ದಂತೆಯೇ ಮರಳಿ ಕಟ್ಟಬೇಕಾಗಿಲ್ಲ.

ಆದರೆ ಇಂದು ಮೂರು ತಲೆಮಾರುಗಳ ಕುಟುಂಬವು ನಕ್ಷೆ ಬರೆಸುವಾಗ ಮೊದಲ ಗೆರೆ ಬೀಳುವುದು ವಾಹನದ ನಿಲುಗಡೆಗೆ, ಅನಂತರ ಹಜಾರಕ್ಕೆ. ಉಳಿದ ಮೂಲೆ ಮುದುಕರ ಪಾಲು! ಈ ಕ್ರಮ ತಿರುಗಬೇಕು. ಹಿರಿಯರ ಕೋಣೆ ನೆಲದಂತಸ್ತಿನಲ್ಲಿಯೇ ಇರಲಿ; ಬಚ್ಚಲು, ಶೌಚಗೃಹಗಳು ಅದಕ್ಕೆ ಹೊಂದಿಕೊಂಡಿರಲಿ. ಬಾಗಿಲು 3 ಅಡಿಗೆ ಕಡಿಮೆಯಿಲ್ಲದೆ, ಹೊಸ್ತಿಲು ನೆಲಕ್ಕೆ ಸಮನಾಗಿದ್ದರೆ ಗಾಲಿಕುರ್ಚಿಯೂ ಸಲೀಸಾಗಿ ದಾಟೀತು. ಕಿಟಕಿ ಬೀದಿಯತ್ತ ತೆರೆಯಲಿ. ಹೋಗುಬರುವವರನ್ನು ಮಾತನಾಡಿಸದೆ ಹಳ್ಳಿಯ ಮುದುಕಿಗೆ ಹೊತ್ತು ಹೋಗದು. ಮಗ ಸೊಸೆಯರಿಗೆ ಮಹಡಿಯ ಮೇಲೆ, ಅಗುಳಿ ಹಾಕಿಕೊಳ್ಳಬಹುದಾದ ಕೋಣೆ ಬೇಕು. ಓದುವ ಮಕ್ಕಳಿಗೆ ದೂರದರ್ಶನದ ಸದ್ದು ಕೇಳಿಸದ ಒಂದು ಮೂಲೆಯಾದರೂ ಸಾಕು.

ಪಾಯಕ್ಕೆ ಸುಣ್ಣದ ಗೆರೆ ಎಳೆದ ದಿನವೇ ಅಜ್ಜಿಯನ್ನು ನಿವೇಶನಕ್ಕೆ ಕರೆತಂದು, ಹಾಸಿಗೆಯಿಂದ ಬಚ್ಚಲಿಗೆ ಎಷ್ಟು ಹೆಜ್ಜೆಯಾಗುವುದೆಂದು ಆಕೆಯನ್ನೇ ನಡೆಯಿಸಿ ನೋಡಬೇಕು. ಗೆರೆಯನ್ನು ಅಳಿಸಿ ಬೇರೆ ಎಳೆಯಲು ಆಗ ಒಂದು ಬೊಗಸೆ ಸುಣ್ಣ ಸಾಕು.